ದೂರದೂರಿನ ನೀರು, ನಮ್ಮೂರಿನ ಲೆಕ್ಕ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಮಾರಂಭದಲ್ಲಿ ನೀರಿನ ವಿಷಯವಾಗಿ ಎರಡು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ, ಆಫ್ರಿಕಾ ಖಂಡದ ಹಳ್ಳಿಗಳಿಗೆ ಕುಡಿಯುವ ನೀರು ಕೊಡಿಸಲು ಪ್ರಪಂಚದ ಜನ ಹಣ ಎತ್ತಿದ ಕಥೆಯನ್ನು ಹೇಳುತ್ತೇವೆ ಎಂದು ನಾವು ತಿಳಿಸಿದೆವು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕೂಡಲೇ, "ಅಲ್ಲಾ ಸ್ವಾಮಿ, ನಮ್ಮೂರ ನಲ್ಲೀಲೇ ಮೂರು ದಿನಕ್ಕೊಂದ್ಸಲ ನೀರು ಬರುತ್ತೆ. ಆಫ್ರಿಕಾದ ಉಸಾಬರಿ ನಮಗ್ಯಾಕೆ?" ಅಂದರು. ಹಿರಿಯರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೆಳ್ಳಿಹಬ್ಬದ ನೆನಪಿಗೆ ಸದಸ್ಯರಿಂದ ವಂತಿಗೆ ಎತ್ತಿ ಊರಿಗೊಂದು ಶುದ್ಧ ನೀರಿನ ಘಟಕ ಮಾಡಬೇಕು ಅನ್ನುವ ಯೋಚನೆ ನಮ್ಮ ಆಡಳಿತ ಮಂಡಳಿಯ ಮುಂದೆ ಇದೆ. ವಂತಿಗೆ ಎತ್ತಿ ನೀರು ಕೊಡುವ ಕೆಲಸವನ್ನು ನಮಗಿಂತ ಮೊದಲೇ, ನಮಗಿಂತ ನೂರುಪಟ್ಟು ದೊಡ್ಡದಾಗಿ ಮಾಡಿದವರಿದ್ದಾರೆ. ಅವರು ಎಲ್ಲಿ ಗೆದ್ದರು, ಎಲ್ಲಿ ಎಡವಿದರು ಎಂದು ತಿಳಿದುಕೊಂಡರೆ ನಮಗೆ ನಷ್ಟವೇನಿಲ್ಲ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಕೋರುತ್ತೇವೆ.

ಮೊದಲು ಅಲ್ಲಿಯ ಕಷ್ಟದ ಅಳತೆ ಹೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಒಟ್ಟಾಗಿ ಇಡುವ ಲೆಕ್ಕದ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ ಸುಮಾರು 70 ಕೋಟಿ ಜನಕ್ಕೆ ಸಾಧಾರಣ ಮಟ್ಟದ ಕುಡಿಯುವ ನೀರಿನ ಸೌಕರ್ಯವೂ ಇರಲಿಲ್ಲ. ಸಾಧಾರಣ ಮಟ್ಟ ಎಂದರೆ ಹೋಗಿ, ಸರದಿ ನಿಂತು, ನೀರು ತುಂಬಿಕೊಂಡು ಬರುವುದಕ್ಕೆ ಅರ್ಧ ಗಂಟೆ ಮೀರದ ಹಾಗೆ, ಮುಚ್ಚಿದ ಬಾವಿಯೋ ಬೋರ್‌ವೆಲ್ಲೋ ನಲ್ಲಿಯೋ ಸಿಗುವುದು, ಅಷ್ಟೇ. ಅದೂ ಇಲ್ಲದ ಆ 70 ಕೋಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಹಾರಾ ಮರುಭೂಮಿಯ ಕೆಳಗಿನ ಆಫ್ರಿಕಾ ದೇಶಗಳವರು. ಅಲ್ಲಿ ನೀರು ಹೊರುವವರು ಹೆಚ್ಚಾಗಿ ಹೆಂಗಸರು ಮತ್ತು ಹೆಣ್ಣುಮಕ್ಕಳು. ನಮ್ಮಲ್ಲಿ ಬಿಂದಿಗೆ ಇರುವ ಹಾಗೆ ಅಲ್ಲಿ 20 ಲೀಟರಿನ ಹಳದಿ ಪ್ಲಾಸ್ಟಿಕ್ ಕ್ಯಾನು. ಮೊದಲು ಅಡುಗೆ ಎಣ್ಣೆ ತುಂಬಿ ಮಾರಿದ ಕ್ಯಾನು ಆಮೇಲೆ ನೀರಿಗೆ. ತುಂಬಿದರೆ 20 ಕಿಲೋ ಭಾರ. ಶಾಲೆಗೆ ಹೋಗಬೇಕಾದ ಹುಡುಗಿ ಅದನ್ನು ತಲೆ ಮೇಲೆ, ಬೆನ್ನ ಮೇಲೆ ಹೊತ್ತು ಮೈಲಿಗಟ್ಟಲೆ ನಡೆಯುತ್ತಾಳೆ. ಇಲ್ಲಿ ಕೂತಿರುವ ಐವತ್ತು ದಾಟಿದ ತಾಯಂದಿರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ನಮಗೂ ಅವರಿಗೂ ಇರುವ ಸಂಬಂಧದ ಮಾತು. ನಮ್ಮ ಹಿರಿಯರಿಗೆ ನಾರುಹುಣ್ಣು ಎಂದರೆ ಗೊತ್ತು. ಈಗಿನ ಹುಡುಗರಿಗೆ ಆ ಹೆಸರೂ ಗೊತ್ತಿಲ್ಲ, ಅದು ಒಳ್ಳೆಯದೇ. ಕೆರೆ, ಮೆಟ್ಟಿಲುಬಾವಿಗಳ ನೀರಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿಯೊಂದು ಇರುತ್ತದೆ. ಅದರ ಹೊಟ್ಟೆಯಲ್ಲಿ ಈ ಹುಳುವಿನ ಮರಿ ಇರುತ್ತದೆ. ಆ ನೀರನ್ನು ಸೋಸದೆ ಕುಡಿದವರ ಮೈಯೊಳಗೆ ಹುಳು ವರ್ಷದವರೆಗೆ ಬೆಳೆದು, ಎರಡು ಮೂರು ಅಡಿ ಉದ್ದದ ದಾರದ ಹಾಗೆ ಕಾಲಿನಿಂದ ಹೊರಗೆ ಬರುತ್ತದೆ. ಉರಿ ತಡೆಯಲಾರದೆ ಕಾಲನ್ನು ನೀರಿಗಿಟ್ಟರೆ ಹುಳು ಮತ್ತೆ ಆ ನೀರಿಗೇ ಮರಿ ಬಿಡುತ್ತದೆ. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಅಂತ ಎಳೆಯಬೇಕು, ಜೋರು ಮಾಡಿದರೆ ತುಂಡಾಗಿ ಒಳಗೇ ಕೊಳೆಯುತ್ತದೆ. ಇದಕ್ಕೆ ಔಷಧಿಯಿಲ್ಲ, ಲಸಿಕೆಯಿಲ್ಲ. ನಮ್ಮ ಕರ್ನಾಟಕವೂ ಈ ಪಿಡುಗು ಇದ್ದ ರಾಜ್ಯಗಳಲ್ಲಿ ಒಂದು. ಮೆಟ್ಟಿಲುಬಾವಿಗಳನ್ನು ಸರಿಪಡಿಸಿ, ಬೋರ್‌ವೆಲ್ ಕೊರೆಸಿ, ಮನೆ ಮನೆಗೆ ಹೋಗಿ ನೀರು ಸೋಸಿ ಕುಡಿಯಿರಿ ಅಂತ ಹೇಳಿ ಹೇಳಿ, 1996ರಲ್ಲಿ ರಾಜಸ್ಥಾನದಲ್ಲಿ ಕಂಡ ರೋಗಿಯೇ ಭಾರತದ ಕೊನೆಯ ರೋಗಿಯಾದ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶಕ್ಕೆ ನಾರುಹುಣ್ಣಿನಿಂದ ಮುಕ್ತಿ ಸಿಕ್ಕಿದೆ ಎಂದು ಸರ್ಟಿಫಿಕೇಟು ಕೊಟ್ಟಿತು.

ಆಫ್ರಿಕಾದಲ್ಲಿ ಇದೇ ಕೆಲಸಕ್ಕೆ ಟೊಂಕ ಕಟ್ಟಿ ನಿಂತವರು ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್. ಕಡಲೆಕಾಯಿ ಬೆಳೆಯುವ ಮನೆತನದವರು. ಅಧಿಕಾರ ಹೋದ ಮೇಲೆ ಅವರು ಸ್ಥಾಪಿಸಿದ ಕಾರ್ಟರ್ ಸೆಂಟರ್ 1986ರಲ್ಲಿ ಈ ಹೋರಾಟದ ಮುಂದಾಳತ್ವ ವಹಿಸಿದಾಗ ಆಫ್ರಿಕಾ ಮತ್ತು ಏಷ್ಯಾದಲ್ಲಿ ವರ್ಷಕ್ಕೆ ಅಂದಾಜು 35 ಲಕ್ಷ ಜನಕ್ಕೆ ನಾರುಹುಣ್ಣು ಆಗುತ್ತಿತ್ತು. ಅವರು ಶ್ರೀಮಂತರ ಮನೆ ಬಾಗಿಲಿಗೆ, ಕಂಪನಿಗಳ ಬಾಗಿಲಿಗೆ ಹೋಗಿ ದಾನ ಬೇಡಿದರು. ಒಬ್ಬರು ಹಣ ಕೊಟ್ಟರು, ಇನ್ನೊಬ್ಬರು ನೀರು ಸೋಸುವ ನೈಲಾನ್ ಬಟ್ಟೆ ಕೊಟ್ಟರು, ಮತ್ತೊಬ್ಬರು ಕೆರೆಗೆ ಹಾಕುವ ಔಷಧಿ ಕೊಟ್ಟರು. ಹೊಲಕ್ಕೆ ಹೋಗುವವರು ಕುತ್ತಿಗೆಗೆ ನೇತುಹಾಕಿಕೊಂಡು ಎಲ್ಲಿ ಬೇಕಾದರೂ ಬಗ್ಗಿ ಹೀರಲು ಬಟ್ಟೆ ಕಟ್ಟಿದ ಸಣ್ಣ ಕೊಳವೆ ಹಂಚಿದರು. ಊರೂರಲ್ಲಿ ಊರಿನವರನ್ನೇ ಸ್ವಯಂಸೇವಕರನ್ನಾಗಿ ಮಾಡಿದರು. ನೈಜೀರಿಯಾ 2013ರಲ್ಲಿ, ಘಾನಾ 2015ರಲ್ಲಿ ಮುಕ್ತವಾದವು. 2024ರಲ್ಲಿ ಇಡೀ ಪ್ರಪಂಚದಲ್ಲಿ ಕಂಡದ್ದು 15 ಮಂದಿ ರೋಗಿಗಳು ಮಾತ್ರ. ಅದೇ ವರ್ಷದ ಡಿಸೆಂಬರಿನಲ್ಲಿ, ನೂರು ವರ್ಷ ತುಂಬಿದ ಕಾರ್ಟರ್ ತೀರಿಕೊಂಡರು. ಚಾಡ್ ಮೊದಲಾದ ಕಡೆ ನಾಯಿಗಳಿಗೂ ಈ ಹುಳು ತಗುಲುವುದರಿಂದ ಕೆಲಸ ಪೂರ್ತಿ ಮುಗಿದಿಲ್ಲ. ಆದರೂ 35 ಲಕ್ಷದಿಂದ 15ಕ್ಕೆ ಇಳಿಸಿದ್ದು ಒಂದು ತುಂಡು ಬಟ್ಟೆ ಮತ್ತು ಬಿಡದೆ ಹೇಳಿದ ಮಾತು. ದಾನ ಎಂದರೆ ದೊಡ್ಡ ಯಂತ್ರವೇ ಆಗಬೇಕು ಎಂದು ತಿಳಿದವರು ಇದನ್ನು ನೆನಪಿಡಬೇಕು.

ಎರಡನೆಯ ಸಂಬಂಧ ಕೈಪಂಪಿನದು. ನಮ್ಮ ಶಾಲೆಯ ಹಿಂದೆ ಇದ್ದ, ನಾವೆಲ್ಲ ಬೋರಿಂಗು ಎಂದು ಕರೆಯುತ್ತಿದ್ದ ಆ ಪಂಪಿನ ಹೆಸರು ಇಂಡಿಯಾ ಮಾರ್ಕ್ 2. ಬರಗಾಲದ ದಿನಗಳಲ್ಲಿ ದೇಶದ ತುಂಬ ಬೋರ್‌ವೆಲ್ ಕೊರೆದರೂ, ಒಂದು ಮನೆಯ ಬಳಕೆಗೆಂದು ಮಾಡಿದ ಎರಕದ ಪಂಪುಗಳನ್ನು ಇಡೀ ಊರು ಒತ್ತತೊಡಗಿದಾಗ ಅವು ಬೇಗ ಮುರಿದುಬೀಳುತ್ತಿದ್ದವು. ಮಹಾರಾಷ್ಟ್ರದ ಜಾಲನಾ, ಸೊಲ್ಲಾಪುರದ ಕಡೆ ಗಟ್ಟಿಮುಟ್ಟಾದ ಉಕ್ಕಿನ ಪಂಪು ತಯಾರಾಯಿತು. ಅದನ್ನು ಆಧಾರವಾಗಿಟ್ಟುಕೊಂಡು 1970ರ ದಶಕದಲ್ಲಿ ಭಾರತ ಸರಕಾರ, ಯುನಿಸೆಫ್ ಮತ್ತು ಮದರಾಸಿನ ಎಂಜಿನಿಯರುಗಳು ಸೇರಿ ಮಾರ್ಕ್ 2 ರೂಪಿಸಿದರು. ಇದೇ ಪಂಪು ಹಡಗು ಹತ್ತಿ ಆಫ್ರಿಕಾಕ್ಕೆ ಹೋಯಿತು. ಉಗಾಂಡ ದೇಶದಲ್ಲಿ ಇದರದೇ ಒಂದು ರೂಪಕ್ಕೆ ಯು2 ಎಂದು ಹೆಸರು. ಇಂದಿಗೂ ಅಲ್ಲಿಯ ಎಷ್ಟೋ ಹಳ್ಳಿಯ ತಾಯಂದಿರು ಒತ್ತುವ ಹಿಡಿ ನಮ್ಮಲ್ಲಿ ಹುಟ್ಟಿದ ನಮೂನೆಯದು. ಆದ್ದರಿಂದ ಆಫ್ರಿಕಾದ ನೀರಿನ ಉಸಾಬರಿ ನಮಗೆ ಪೂರ್ತಿ ಹೊರಗಿನದಲ್ಲ.

ಈಗ ಹಣ ಎತ್ತಿದ ಬಗೆಗೆ ಬರೋಣ. ವಿಶ್ವಸಂಸ್ಥೆಯವರು 1981ರಿಂದ 1990ರವರೆಗಿನ ಹತ್ತು ವರ್ಷವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯದ ದಶಕ ಎಂದು ಸಾರಿದರು. ಆ 1981ರಲ್ಲೇ ಇಂಗ್ಲೆಂಡಿನಲ್ಲಿ ನೀರು ಸರಬರಾಜು ಇಲಾಖೆಗಳಲ್ಲಿ ಕೆಲಸ ಮಾಡುತ್ತಿದ್ದವರು ಸೇರಿ ವಾಟರ್‌ಏಡ್ ಎಂಬ ಧರ್ಮಸಂಸ್ಥೆ ಕಟ್ಟಿದರು. ಅವರ ಉಪಾಯ ನೋಡಿ: ಮನೆ ಮನೆಗೆ ಹೋಗುವ ನೀರಿನ ಬಿಲ್ಲಿನ ಜೊತೆ ಒಂದು ಕರಪತ್ರ ಇಟ್ಟರು. ನಲ್ಲಿ ತಿರುಗಿಸಿದರೆ ನೀರು ಬರುವವನು ಬಿಲ್ಲು ಕಟ್ಟುವ ಹೊತ್ತಿಗೆ, ನಲ್ಲಿಯೇ ಇಲ್ಲದವನನ್ನು ನೆನೆಯಲಿ ಎಂದು. ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಕೆನಡಾ ದೇಶದ ರಯಾನ್ ರೆಲ್ಜಾಕ್ ಎಂಬ ಹುಡುಗನ ಕಥೆ ಇನ್ನೂ ಚೆನ್ನಾಗಿದೆ. 1998ರಲ್ಲಿ ಅವನು ಒಂದನೇ ತರಗತಿ, ಆರು ವರ್ಷ. ಆಫ್ರಿಕಾದ ಮಕ್ಕಳು ನೀರಿಗಾಗಿ ಎಷ್ಟು ದೂರ ನಡೆಯುತ್ತಾರೆ ಎಂದು ಮೇಷ್ಟ್ರಮ್ಮ ಹೇಳಿದ್ದನ್ನು ಕೇಳಿ ಮನೆಗೆ ಬಂದು ಹಟ ಹಿಡಿದ. 70 ಡಾಲರಿನಲ್ಲಿ ಬಾವಿ ಆಗುತ್ತದೆ ಎಂದು ಅವನು ತಿಳಿದಿದ್ದ. ಅಪ್ಪ ಅಮ್ಮ ಪುಕ್ಕಟೆ ಕೊಡಲಿಲ್ಲ, ಮನೆಗೆಲಸ ಮಾಡಿ ಸಂಪಾದಿಸು ಅಂದರು. ಗುಡಿಸಿ, ಕಿಟಕಿ ಒರೆಸಿ ತಿಂಗಳುಗಟ್ಟಲೆ ಕೂಡಿಸಿ ತೆಗೆದುಕೊಂಡು ಹೋದರೆ, 70 ಡಾಲರಿಗೆ ಪಂಪು ಮಾತ್ರ ಬರುತ್ತದೆ, ಬಾವಿಗೆ 2000 ಡಾಲರ್ ಬೇಕು ಅಂದರಂತೆ. ಹಾಗಾದರೆ ಇನ್ನಷ್ಟು ಕೆಲಸ ಮಾಡುತ್ತೇನೆ ಅಂದ. ಅದನ್ನು ಕೇಳಿದ ಊರಿನವರು, ಶಾಲೆಯವರು ಕೈ ಜೋಡಿಸಿದರು. 1999ರಲ್ಲಿ ಉತ್ತರ ಉಗಾಂಡದ ಒಂದು ಪ್ರಾಥಮಿಕ ಶಾಲೆಯ ಹತ್ತಿರ ಆ ಬಾವಿ ಆಯಿತು. 2001ರಲ್ಲಿ ಅವನ ಹೆಸರಿನಲ್ಲೇ ಒಂದು ಸಂಸ್ಥೆ ಆಯಿತು.

2006ರಲ್ಲಿ ನ್ಯೂಯಾರ್ಕಿನಲ್ಲಿ ಸ್ಕಾಟ್ ಹ್ಯಾರಿಸನ್ ಎಂಬುವರು ತಮ್ಮ ಹುಟ್ಟುಹಬ್ಬಕ್ಕೆ ಬಂದವರಿಂದ ಉಡುಗೊರೆಯ ಬದಲು ತಲೆಗೆ 20 ಡಾಲರ್ ತೆಗೆದುಕೊಂಡು, ಅದನ್ನು ಉಗಾಂಡದ ನಿರಾಶ್ರಿತರ ಶಿಬಿರದ ನೀರಿಗೆ ಹಾಕಿದರು. ಚಾರಿಟಿ ವಾಟರ್ ಎಂಬ ಸಂಸ್ಥೆ ಹಾಗೆ ಹುಟ್ಟಿತು. ಜನರು ಕೊಟ್ಟದ್ದೆಲ್ಲ ನೀರಿಗೇ ಹೋಗಬೇಕು, ಆಫೀಸಿನ ಖರ್ಚು, ಸಂಬಳಕ್ಕೆ ಬೇರೆ ದಾನಿಗಳಿಂದ ಬೇರೆ ಖಾತೆ ಎಂದು ಅವರು ನಿಯಮ ಮಾಡಿಕೊಂಡರು. ಅಮೆರಿಕದ ಒಂಬತ್ತು ವರ್ಷದ ಒಂದು ಹುಡುಗಿ ಇದನ್ನು ಕೇಳಿ, ತನ್ನ ಹುಟ್ಟುಹಬ್ಬಕ್ಕೆ ಉಡುಗೊರೆ ಬೇಡ, ನೀರಿಗೆ 300 ಡಾಲರ್ ಕೂಡಿಸಿಕೊಡಿ ಎಂದು ಕೇಳಿಕೊಂಡಳು. ಅಷ್ಟು ಕೂಡಲಿಲ್ಲ, ಸ್ವಲ್ಪ ಕಡಿಮೆ ಬಿತ್ತು. 2011ರಲ್ಲಿ, ಹುಟ್ಟುಹಬ್ಬ ಕಳೆದು ಕೆಲವೇ ವಾರದಲ್ಲಿ, ಆ ಮಗು ರಸ್ತೆ ಅಪಘಾತದಲ್ಲಿ ತೀರಿಕೊಂಡಿತು. ಸುದ್ದಿ ಕೇಳಿದ ಜನ, ಮುಖ ಪರಿಚಯವೇ ಇಲ್ಲದವರು, ಐದು ಹತ್ತು ಡಾಲರಿನಂತೆ ಕೊಟ್ಟು ಅದನ್ನು 12 ಲಕ್ಷ ಡಾಲರಿಗೂ ಮೇಲೆ ಮುಟ್ಟಿಸಿದರು. ಮಾರನೇ ವರ್ಷ ಮಗುವಿನ ತಾಯಿ ಇಥಿಯೋಪಿಯಾದ ಹಳ್ಳಿಗಳಿಗೆ ಹೋಗಿ ಆ ನೀರನ್ನು ಕಣ್ಣಾರೆ ಕಂಡು ಬಂದರು. ಮನುಷ್ಯರಲ್ಲಿ ಕೊಡುವ ಗುಣ ಬತ್ತಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಬಂಧುಗಳೇ, ಇಲ್ಲಿಗೆ ಮುಗಿಸಿದ್ದರೆ ನೀವೆಲ್ಲ ಚಪ್ಪಾಳೆ ತಟ್ಟಿ ಎದ್ದು ಹೋಗಬಹುದಿತ್ತು. ಆದರೆ ನಾವು ಸಹಕಾರಿಗಳು. ಹಾಲು ಹಾಕಿದರೆ ಸಾಲದು, ಫ್ಯಾಟ್ ಎಷ್ಟು ಬಂತು ಎಂದು ನೋಡುವವರು. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅಂತಾರೆ. ನೀರಿನ ವಿಷಯದಲ್ಲಿ ಎಣಿಸದೆ ಬಿಟ್ಟದ್ದರಿಂದಲೇ ಕೆಟ್ಟದ್ದು.

ಪ್ಲೇಪಂಪ್ ಎಂಬುದರ ಕಥೆ ಕೇಳಿ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಉಪಾಯ. ಮಕ್ಕಳು ಹತ್ತಿ ಸುತ್ತುವ ತಿರುಗಣಿಯನ್ನು ಬೋರ್‌ವೆಲ್ ಮೇಲೆ ಕೂರಿಸುವುದು. ಮಕ್ಕಳು ಆಟ ಆಡಿದ ಹಾಗೆ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಟ್ಯಾಂಕಿನ ಸುತ್ತ ಜಾಹೀರಾತಿನ ಬೋರ್ಡು, ಅದರ ಬಾಡಿಗೆಯಲ್ಲಿ ದುರಸ್ತಿ. ಕೇಳುವುದಕ್ಕೆ ಎಷ್ಟು ಚೆಂದ! 2000ದಲ್ಲಿ ವಿಶ್ವಬ್ಯಾಂಕಿನ ಬಹುಮಾನ ಬಂತು. 2006ರಲ್ಲಿ ಅಮೆರಿಕದ ಅಂದಿನ ಅಧ್ಯಕ್ಷರ ಪತ್ನಿ ಲಾರಾ ಬುಷ್ ಅವರು ದೊಡ್ಡ ಸಭೆಯಲ್ಲಿ 1 ಕೋಟಿ 64 ಲಕ್ಷ ಡಾಲರಿನ ಯೋಜನೆ ಸಾರಿದರು. 2010ರೊಳಗೆ 4000 ಪಂಪು ಕೂರಿಸುವ ಗುರಿ. ನಗುವ ಮಕ್ಕಳ ಚಿತ್ರ ನೋಡಿ ಜನ ಧಾರಾಳವಾಗಿ ಕೊಟ್ಟರು. ಒಂದಕ್ಕೆ ಸುಮಾರು 14,000 ಡಾಲರ್, ಅಷ್ಟರಲ್ಲಿ ನಾಲ್ಕು ಸಾಧಾರಣ ಕೈಪಂಪು ಆಗುತ್ತಿತ್ತು. ಆಮೇಲೆ ಆದದ್ದೇನು? ಮಕ್ಕಳು ಶಾಲೆಗೆ ಹೋಗುತ್ತಾರೆ, ಆಟ ಬೇಜಾರಾಗುತ್ತದೆ, ರಾತ್ರಿ ಮಲಗುತ್ತಾರೆ. ಬೆಳಗಿನ ಜಾವ ನೀರಿಗೆ ಬಂದ ವಯಸ್ಸಾದ ಹೆಂಗಸರು ಆ ತಿರುಗಣಿಯನ್ನು ಬಗ್ಗಿ ಬಗ್ಗಿ ತಳ್ಳಬೇಕಾಯಿತು. ಕೆಲವು ಕಡೆ ಚೆನ್ನಾಗಿ ನಡೆಯುತ್ತಿದ್ದ ಕೈಪಂಪು ಕಿತ್ತು ಇದನ್ನು ಹಾಕಿದ್ದರು. ಹಳ್ಳಿಯ ಮೂಲೆಯಲ್ಲಿ ಜಾಹೀರಾತು ಹಾಕುವವರು ಯಾರು? ಬೋರ್ಡು ಖಾಲಿ, ದುರಸ್ತಿಗೆ ಕಾಸಿಲ್ಲ. ಒಂದು ಪಂಪಿಗೆ ಹೇಳಿದ್ದ 2500 ಜನಕ್ಕೆ ನೀರು ಸಾಕಾಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು 2009ರಲ್ಲಿ ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿ ತೋರಿಸಿತು. ದಿನಕ್ಕೆ ಇರುವುದೇ 24 ಗಂಟೆ. ಕೊಟ್ಟವರ ಮನಸ್ಸು ಕೆಟ್ಟದ್ದಾಗಿರಲಿಲ್ಲ. ನೀರು ಹೊರುವ ಹೆಂಗಸನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅದು ಹೊಸ ಹುಚ್ಚಿನ ಕಥೆಯಾಯಿತು ಎನ್ನಬಹುದು. ಹಳೆಯ ನಂಬಿಕೆಯ ಕೈಪಂಪುಗಳ ಪಾಡೂ ಅಷ್ಟಕ್ಕಷ್ಟೇ. 2009ರ ಸುಮಾರಿಗೆ ಆಫ್ರಿಕಾದ ಸುಮಾರು ಇಪ್ಪತ್ತು ದೇಶಗಳ ಲೆಕ್ಕ ಒಟ್ಟುಗೂಡಿಸಿದಾಗ ನೂರಕ್ಕೆ 36 ಕೈಪಂಪು ಕೆಲಸ ಮಾಡುತ್ತಿರಲಿಲ್ಲ. ಆಮೇಲಿನ ಲೆಕ್ಕಗಳಲ್ಲಿ ಸ್ವಲ್ಪ ಸುಧಾರಿಸಿ ನಾಲ್ಕರಲ್ಲಿ ಒಂದು ಎನ್ನುವ ಮಟ್ಟಕ್ಕೆ ಬಂದಿದೆ. ಅಂದರೆ ಯಾರೋ ಕೂಡಿಸಿಟ್ಟ ಕಾಸು, ಯಾವುದೋ ಮಗುವಿನ ಹುಟ್ಟುಹಬ್ಬದ ಹಣ, ತುಕ್ಕು ಹಿಡಿದು ನಿಂತಿದೆ.

ಯಾಕೆ ನಿಲ್ಲುತ್ತವೆ? ಕಾರಣ ನಮಗೆ ಗೊತ್ತಿರುವುದೇ. ನಮ್ಮ ಶಾಲೆಯ ಹಿಂದಿನ ಬೋರಿಂಗು ಒಂದು ಬೇಸಿಗೆ ಪೂರ್ತಿ ನಿಂತಿದ್ದು ನೆನಪಿದೆಯೆ? ಒಳಗಿನ ಸಿಲಿಂಡರಿನ ತೊಗಲಿನ ವಾಷರ್ ಸವೆದಿತ್ತು, ಅಷ್ಟೇ. ವಾಷರಿನ ಬೆಲೆ ನಾಲ್ಕು ಜನರ ಕಾಫಿ ತಿಂಡಿಯ ಖರ್ಚು. ಆದರೆ ಅದನ್ನು ಹಾಕಬೇಕಾದರೆ ರಾಡು, ಪೈಪು ಎಲ್ಲ ಮೇಲೆ ಎತ್ತಬೇಕು. ಮುಕ್ಕಾಲಿ, ಕಪ್ಪಿ, ನಾಲ್ಕೈದು ಆಳು, ತಿಳಿದ ಮೇಸ್ತ್ರಿ ಬೇಕು. ಅರ್ಜಿ ಬರೆದು, ಓಡಾಡಿ, ಗಾಡಿ ಬರುವ ಹೊತ್ತಿಗೆ ಮಳೆಗಾಲ ಬಂತು. ಅಷ್ಟು ದಿನ ನಮ್ಮ ಹೆಂಗಸರು ಹೊಂಡದ ನೀರು ತಂದರು. ಆಫ್ರಿಕಾದ ಹಳ್ಳಿಗಳಲ್ಲಿ ಬಿಡಿಭಾಗ ಸಿಗುವ ಪೇಟೆ ಇನ್ನೂ ದೂರ. ಕೆಲವು ಕಡೆ ನೀರಿನಲ್ಲಿ ಆಮ್ಲದ ಅಂಶ ಹೆಚ್ಚಿದ್ದು ಕಬ್ಬಿಣದ ಪೈಪನ್ನು ತಿಂದುಹಾಕುತ್ತದೆ, ನೀರು ಕೆಂಪಗೆ ಬರುತ್ತದೆ, ಜನ ಹಳೆಯ ಹೊಂಡಕ್ಕೇ ವಾಪಸು ಹೋಗುತ್ತಾರೆ. ಇಥಿಯೋಪಿಯಾ, ಕೀನ್ಯಾ, ಟಾಂಜಾನಿಯಾಗಳ ದೊಡ್ಡ ಕಣಿವೆ ಸೀಮೆಯಲ್ಲಿ ನೀರಿಗೆ ಫ್ಲೋರೈಡ್ ದೋಷ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಇದು ಹೊಸ ಮಾತಲ್ಲ. ಹಲ್ಲು ಕಂದಾಗಿ, ಮೂಳೆ ಬಾಗುವ ನೀರು ಕೊಟ್ಟರೆ ಅದು ದಾನ ಹೇಗಾದೀತು? ಪರೀಕ್ಷೆ ಮಾಡದೆ ಕೊರೆಯುವುದೂ, ಕೊರೆದ ಮೇಲೆ ತಿರುಗಿ ನೋಡದಿರುವುದೂ ಒಂದೇ ತಪ್ಪಿನ ಎರಡು ಮುಖ.

ಇಷ್ಟಕ್ಕೆಲ್ಲ ಮೂಲ, ಹಣ ಎತ್ತುವ ರೀತಿಯಲ್ಲೇ ಇದೆ ಎಂದು ನಮ್ಮ ಅಭಿಪ್ರಾಯ. ಹೊಸ ಬಾವಿಗೆ ದಾನಿ ಸಿಗುತ್ತಾನೆ, ಹೆಸರು ಕೆತ್ತಿಸಿದ ಕಲ್ಲು ಸಿಗುತ್ತದೆ, ಟೇಪು ಕತ್ತರಿಸುವ ಫೋಟೋ ಸಿಗುತ್ತದೆ. ವಾಷರ್ ಬದಲಾಯಿಸಲು ಯಾರು ದಾನ ಕೊಡುತ್ತಾರೆ? ಸವೆದ ರಾಡಿನ ಮೇಲೆ ಯಾರ ಹೆಸರು ಕೆತ್ತಿಸುತ್ತೀರಿ? ಮದುವೆಗೆ ಸಾಲ ಮಾಡಿ ಮಾರನೇ ದಿನದ ಸಂಸಾರಕ್ಕೆ ಅಕ್ಕಿ ಇಡದ ಹಾಗೆ ಇದು.

ಇನ್ನು ಸರಿಯಾಗಿ ನಡೆದ ಕಡೆಗೆ ನೋಡೋಣ. ಕೀನ್ಯಾ ದೇಶದಲ್ಲಿ ಹರಂಬೆ ಎಂಬ ಪದ್ಧತಿಯಿದೆ. ಸ್ವಾಹಿಲಿ ಮಾತಿನಲ್ಲಿ ಹಾಗೆಂದರೆ "ಎಲ್ಲರೂ ಸೇರಿ ಎಳೆಯೋಣ". 1963ರಲ್ಲಿ ಸ್ವಾತಂತ್ರ್ಯ ಬಂದಾಗ ಜೋಮೋ ಕೆನ್ಯಾಟಾ ಅವರು ಇದನ್ನು ದೇಶದ ಘೋಷಣೆ ಮಾಡಿದರು, ಅವರ ರಾಷ್ಟ್ರಲಾಂಛನದಲ್ಲೂ ಈ ಮಾತಿದೆ. ಶಾಲೆ, ಆಸ್ಪತ್ರೆ, ನೀರಿಗಾಗಿ ಊರಿನವರು ಸೇರಿ ವಂತಿಗೆ ಹಾಕಿ, ಮೈಮುರಿದು ದುಡಿದು ಕಟ್ಟಿಕೊಂಡರು. ಹತ್ತು ಜನರಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎನ್ನುವ ನಮ್ಮ ಮಾತೇ ಅದು. ಆದರೆ ಬರಬರುತ್ತಾ ಅದರಲ್ಲೂ ಹುಳ ಬಿತ್ತು. ರಾಜಕಾರಣಿಗಳು ಬಂದು ನೋಟಿನ ಕಟ್ಟು ತೋರಿಸಿ ಓಟು ಕೊಳ್ಳುವುದು, ಅಧಿಕಾರಿಗಳು ಬಲವಂತದಿಂದ ವಸೂಲಿ ಮಾಡುವುದು ನಡೆಯಿತು. 2003ರಲ್ಲಿ ಅಲ್ಲಿ ಕಾಯಿದೆ ಮಾಡಿ, ಸರಕಾರಿ ಹುದ್ದೆಯಲ್ಲಿರುವವರು ಹುದ್ದೆಯ ಬಲದಿಂದ ವಂತಿಗೆ ಎತ್ತುವುದಕ್ಕೆ ಕಡಿವಾಣ ಹಾಕಬೇಕಾಯಿತು. ಇಷ್ಟವಿದ್ದು ಕೊಟ್ಟರೆ ಮಾತ್ರ ಅದು ವಂತಿಗೆ. ಹೆದರಿಸಿ ತೆಗೆದುಕೊಂಡರೆ ಅದು ಕಂದಾಯ.

ಅದೇ ಕೀನ್ಯಾದ ಮಚಾಕೋಸ್, ಮಕುಏನಿ, ಕಿಟುಯಿ ಎಂಬ ಒಣ ಜಿಲ್ಲೆಗಳಲ್ಲಿ ಕಾಂಬಾ ಎಂಬ ಜನ ಇದ್ದಾರೆ. ನಮ್ಮ ಮುಯ್ಯಾಳಿನ ಹಾಗೆ ಅವರಲ್ಲಿ ಮ್ವೇತ್ಯಾ ಎಂಬ ಗುಂಪುಗಳು, ಹೆಂಗಸರೇ ಹೆಚ್ಚು. ಅಲ್ಲಿಯ ಹೊಳೆಗಳು ವರ್ಷಕ್ಕೆ ಕೆಲವು ದಿನ ಮಾತ್ರ ಹರಿದು ಮರಳಾಗಿಬಿಡುತ್ತವೆ. ಆ ಹೊಳೆಗೆ ಅಡ್ಡಲಾಗಿ, ಅಡಿಯ ಬಂಡೆಗೆ ಕಚ್ಚಿಸಿ, ಕಲ್ಲು ಸಿಮೆಂಟಿನ ಒಡ್ಡು ಕಟ್ಟುತ್ತಾರೆ. ಪ್ರವಾಹ ಬಂದಾಗ ಒಡ್ಡಿನ ಹಿಂದೆ ಮರಳು ತುಂಬುತ್ತದೆ, ಮರಳಿನ ಸಂದಿಯಲ್ಲಿ ನೀರು ನಿಲ್ಲುತ್ತದೆ. ಮೇಲೆ ನೀರು ಕಾಣದ್ದರಿಂದ ಬಿಸಿಲಿಗೆ ಆರುವುದು ಕಡಿಮೆ, ಸೊಳ್ಳೆ ಇಲ್ಲ, ಮರಳೇ ಸೋಸುತ್ತದೆ. ನಮ್ಮ ಹಿರಿಯರು ಬೇಸಿಗೆಯಲ್ಲಿ ಹೊಳೆಯ ಮರಳು ತೋಡಿ ಒರತೆ ಮಾಡುತ್ತಿದ್ದರಲ್ಲ, ಅದೇ ಒರತೆ, ಆದರೆ ವರ್ಷವಿಡೀ ಬತ್ತದಂತೆ ಕಟ್ಟಿದ್ದು. ಜೋಶುವಾ ಮುಕುಸ್ಯಾ ಎಂಬುವರು 1978ರಲ್ಲಿ ತಮ್ಮ ಸೀಮೆಯಲ್ಲಿ ಜನರನ್ನು ಸೇರಿಸಿ ಈ ಕೆಲಸ ಹಿಡಿದರು. ಇಂದು ಆ ಜಿಲ್ಲೆಗಳಲ್ಲಿ ಇಂಥ ನೂರಾರು ಒಡ್ಡುಗಳಿವೆ.

ಇದರಲ್ಲಿ ದಾನದ ಪಾಲು ಎಷ್ಟು ಎನ್ನುವುದನ್ನು ಗಮನಿಸಬೇಕು. ಹೊರಗಿನ ಸಂಸ್ಥೆಯವರು ಸಿಮೆಂಟು, ಕಬ್ಬಿಣ, ತಿಳಿದವರ ಸಲಹೆ ಕೊಡುತ್ತಾರೆ. ಕಲ್ಲು ಹೊರುವುದು, ಮರಳು ಹೊರುವುದು, ಅಡಿಪಾಯ ತೋಡುವುದು ಊರಿನವರು. ಜೊತೆಗೆ ತಮ್ಮ ತಮ್ಮ ಹೊಲಕ್ಕೆ ಬದು ಹಾಕುತ್ತಾರೆ, ಯಾಕೆಂದರೆ ಮೇಲಿನ ಹೊಲದ ಮಣ್ಣು ಕೊಚ್ಚಿ ಬಂದು ಮರಳಿನ ಬದಲು ಹೂಳು ತುಂಬಿದರೆ ಅಂಥ ಒಡ್ಡಿನಲ್ಲಿ ನೀರು ನಿಲ್ಲದು. ಹಾಗೆ ಕೆಟ್ಟ ಒಡ್ಡುಗಳೂ ಅಲ್ಲಿವೆ. ಮರಳನ್ನು ಲಾರಿಗೆ ತುಂಬಿ ಮಾರಿಕೊಂಡ ನಾವು ಈ ಮಾತನ್ನು ಎರಡು ಸಲ ಕೇಳಬೇಕು.

ಕಿಟುಯಿ ಜಿಲ್ಲೆಯಲ್ಲೇ ಇನ್ನೊಂದು ಪ್ರಯೋಗ ನಡೆಯಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಕೈಪಂಪಿನ ಹಿಡಿಯೊಳಗೆ ಸಣ್ಣ ಸಾಧನ ಇಟ್ಟು, ಪಂಪು ನಡೆಯುತ್ತಿದೆಯೋ ನಿಂತಿದೆಯೋ ಮೊಬೈಲಿಗೆ ಸುದ್ದಿ ಬರುವ ಹಾಗೆ ಮಾಡಿದರು. ಊರಿನ ಮೆಕ್ಯಾನಿಕ್ಕು ಬಿಡಿಭಾಗ ಹಿಡಿದು ಸಿದ್ಧವಿದ್ದ. ಮೊದಲು ಕೆಟ್ಟ ಪಂಪು ರಿಪೇರಿಯಾಗಲು ಸರಾಸರಿ 27 ದಿನ ಆಗುತ್ತಿದ್ದದ್ದು 3 ದಿನದೊಳಕ್ಕೆ ಇಳಿಯಿತು. ಮೊದಲು ಪುಕ್ಕಟೆಯಾಗಿ ಮಾಡಿ ತೋರಿಸಿದರು. ಆಮೇಲೆ ಫುಂಡಿಫಿಕ್ಸ್ ಎಂಬ ಹೆಸರಿನಲ್ಲಿ ಅಲ್ಲಿಯ ಜನರದೇ ಕಂಪನಿಯಾಗಿ, ಪಂಪು ಬಳಸುವ ಊರಿನವರು ತಿಂಗಳಿಗಿಷ್ಟು ಶುಲ್ಕ ಕೊಡುವ ಏರ್ಪಾಡಾಯಿತು. ಸ್ವಾಹಿಲಿಯಲ್ಲಿ ಫುಂಡಿ ಎಂದರೆ ಮೇಸ್ತ್ರಿ. ಬಡ ಹಳ್ಳಿಯ ಶುಲ್ಕದಿಂದಲೇ ಪೂರ್ತಿ ಖರ್ಚು ಹುಟ್ಟುವುದಿಲ್ಲ. ಉಳಿದದ್ದನ್ನು ದಾನಿಗಳು ಹಾಕಿದ ಒಂದು ನಿಧಿಯಿಂದ ತುಂಬುತ್ತಾರೆ. ಇಲ್ಲಿ ನೋಡಿ, ದಾನ ಕೊನೆಗೂ ಸರಿಯಾದ ಜಾಗಕ್ಕೆ ಬಂತು. ಹೊಸ ಕಲ್ಲು ನೆಡುವುದರಿಂದ ಹೊರಳಿ, ನಿಂತ ಪಂಪನ್ನು ಎಬ್ಬಿಸುವುದಕ್ಕೆ ಬಂತು.

ಈಗ ನಮ್ಮ ಹಿರಿಯರ ಪ್ರಶ್ನೆಗೆ ಉತ್ತರ. ಆಫ್ರಿಕಾದ ಉಸಾಬರಿ ನಮಗೆ ಯಾಕೆಂದರೆ, ಇನ್ನೊಂದು ತಿಂಗಳಲ್ಲಿ ನಾವೂ ರಸೀತಿ ಪುಸ್ತಕ ಹಿಡಿದು ಮನೆ ಮನೆಗೆ ಹೋಗುವವರಿದ್ದೇವೆ. ಸುತ್ತಮುತ್ತ ಎಷ್ಟು ಊರಲ್ಲಿ ನೀರಿನ ಘಟಕ ಉದ್ಘಾಟನೆಯಾಗಿ, ಎರಡು ವರ್ಷ ನಡೆದು, ಫಿಲ್ಟರ್ ಬದಲಾಯಿಸುವವರಿಲ್ಲದೆ ಬೀಗ ಹಾಕಿಕೊಂಡು ನಿಂತಿದೆ ಎಂದು ನಿಮಗೇ ಗೊತ್ತು. ನಮ್ಮದೂ ಹಾಗಾಗಬಾರದು. ಆದ್ದರಿಂದ ಆಡಳಿತ ಮಂಡಳಿಯ ಮುಂದೆ ಕೆಲವು ಸಲಹೆ ಇಡುತ್ತೇವೆ.

ಒಂದು, ಯಂತ್ರ ಕೊಳ್ಳುವ ಮೊದಲು ನೀರನ್ನು ಪರೀಕ್ಷೆ ಮಾಡಿಸಬೇಕು. ಯಾವ ದೋಷ ಇದೆಯೋ ಅದಕ್ಕೆ ತಕ್ಕ ಯಂತ್ರ. ಎರಡು, ಕೂಡಿದ ಪ್ರತಿ ನೂರು ರೂಪಾಯಿಯಲ್ಲಿ ಮೂವತ್ತನ್ನು ಮುಟ್ಟದೆ ಸಂಘದ ಹೆಸರಿನಲ್ಲಿ ದುರಸ್ತಿ ನಿಧಿ ಎಂದು ಬೇರೆ ಠೇವಣಿ ಇಡಬೇಕು. ಕಟ್ಟಡ ಸಣ್ಣದಾದರೂ ಚಿಂತೆಯಿಲ್ಲ. ಮೂರು, ಕ್ಯಾನಿಗಿಷ್ಟು ಎಂದು ತೆಗೆದುಕೊಂಡ ಹಣದ ಲೆಕ್ಕವನ್ನು ಹಾಲಿನ ಬಟವಾಡೆ ಲೆಕ್ಕ ಹಾಕುವ ಬೋರ್ಡಿನಲ್ಲೇ ತಿಂಗಳು ತಿಂಗಳು ಬರೆಯಬೇಕು. ನಾಲ್ಕು, ನೀರಿನ ಸಮಿತಿಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಹೆಂಗಸರು ಇರಬೇಕು, ಬೀಗದ ಕೈ ಅವರ ಹತ್ತಿರ ಇರಬೇಕು. ನೀರು ನಿಂತ ದಿನ ಮೊದಲು ಗೊತ್ತಾಗುವುದು ಅವರಿಗೇ. ಐದು, ಊರಿನ ಇಬ್ಬರು ಹುಡುಗರಿಗೆ ರಿಪೇರಿ ಕಲಿಸಬೇಕು. ಆರು, ಕೊಡಲಾರದ ಮನೆಯವರಿಂದ ವಂತಿಗೆ ಕೇಳಬಾರದು, ಅವರ ಹೆಸರನ್ನು ಬೋರ್ಡಿನಲ್ಲಿ ಹಾಕಲೂ ಬಾರದು. ಕೊಟ್ಟವನಿಗೂ ಕೊಡದವನಿಗೂ ನೀರು ಒಂದೇ ಸಾಲಿನಲ್ಲಿ ಸಿಗಬೇಕು. ಊರಿನ ಯಾವ ಕೇರಿಯವರೂ ಪಕ್ಕಕ್ಕೆ ನಿಲ್ಲುವಂತಾಗಬಾರದು.

ಇದು ನಡೆದು, ದುರಸ್ತಿ ನಿಧಿ ತುಂಬಿ, ನಮ್ಮೂರಿನ ನೀರು ನಿಲ್ಲದೆ ಬರುವ ಕಾಲಕ್ಕೆ, ಸಂಘದ ಸರ್ವಸದಸ್ಯರ ಸಭೆಯಲ್ಲಿ ಯಾರಾದರೂ ಎದ್ದು "ದೂರದ ಊರಿನ ಒಂದು ಪಂಪಿನ ರಿಪೇರಿಗೆ ನಮ್ಮ ಕಡೆಯಿಂದಲೂ ಒಂದಿಷ್ಟು ಕಳಿಸೋಣ" ಎಂದರೆ ನಾವು ಮೊದಲು ಕೈ ಎತ್ತುತ್ತೇವೆ. ಅಲ್ಲಿಯವರು ಒತ್ತುವ ಪಂಪು ನಮ್ಮ ನಾಡಿನ ನಮೂನೆಯದು, ಅವರನ್ನು ಕಾಡಿದ ಹುಳು ನಮ್ಮ ಹಿರಿಯರನ್ನೂ ಕಾಡಿದ್ದು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅದು ಒಂದು ಹಳ್ಳಿಯ ಕೆಲಸವಾಗಿತ್ತು. ಒಂದು ಹಳ್ಳಿ ಸರಿಯಾಗಿ ಲೆಕ್ಕ ಇಟ್ಟದ್ದರಿಂದ ಉಳಿದ ಹಳ್ಳಿಗಳಿಗೆ ಧೈರ್ಯ ಬಂತು. ನಮ್ಮ ಹಿರಿಯರು ಕೇಳಿದ ಪ್ರಶ್ನೆಯನ್ನು ನಾವು ತಿರುಗಿಸಿ ಕೇಳುತ್ತೇವೆ: ಹತ್ತು ವರ್ಷ ಆದ ಮೇಲೆ ನಮ್ಮ ಘಟಕದ ಮುಂದೆ ಯಾವುದಾದರೂ ಪರವೂರಿನವನು ನಿಂತು ನಲ್ಲಿ ತಿರುಗಿಸಿದರೆ, ನೀರು ಬರುತ್ತದೆಯೆ? ಅದಕ್ಕೆ ಉತ್ತರ ಉದ್ಘಾಟನೆಯ ದಿನದ ಹಾರ ತುರಾಯಿಯಲ್ಲಿ ಇಲ್ಲ, ದುರಸ್ತಿ ನಿಧಿಯ ಪಾಸ್‌ಬುಕ್ಕಿನಲ್ಲಿ ಇದೆ.

ಸಂಘವು ಸುವರ್ಣ ಮಹೋತ್ಸವವನ್ನೂ ಇದೇ ಅಂಗಳದಲ್ಲಿ ಆಚರಿಸಲಿ, ಆ ದಿನವೂ ಬಂದವರಿಗೆ ಇದೇ ಊರಿನ ಶುದ್ಧ ನೀರು ಕೊಡುವಂತಾಗಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.